'ಬರೀ ಎಲೆ ಮಗಾ, ಕೆಮಿಕಲ್ ಇಲ್ಲ'

ಇಂಜಿನಿಯರಿಂಗ್ ಕಾಲೇಜಿನ ನನ್ನ ಗೆಳೆಯನೊಬ್ಬ ಸಿಗರೇಟು ಬಿಟ್ಟು ಪೈಪ್ ಹಿಡಿದಿದ್ದಾನೆ. ತಂಬಾಕನ್ನು ಮನೆಯಲ್ಲೇ ಬೆರೆಸ್ತಾನೆ. 'ಇದ್ರಲ್ಲಿ ಫ್ಯಾಕ್ಟರಿ ಕೆಮಿಕಲ್ ಇಲ್ಲ ಮಗಾ, ಬರೀ ಎಲೆ' ಅನ್ನೋದು ಅವನ ವಾದ. ಹೌದಾ? ಬನ್ನಿ, ನೋಡೋಣ.

ಬೆರೆಸೋದರಲ್ಲಿ ಲೆಕ್ಕಾಚಾರ ಇದೆ, ಒಪ್ಪೋಣ. ಹೆಚ್ಚಿನ ಪಾಲು ವರ್ಜೀನಿಯಾ. ನಮ್ಮ ಹುಣಸೂರು, ಪಿರಿಯಾಪಟ್ಟಣದ ಬ್ಯಾರನ್‌ಗಳಲ್ಲಿ ಹದವಾಗೋದು ಇದೇ ತಳಿ. ಬಿಸಿಗೆ ಕೆಲವೇ ದಿನಗಳಲ್ಲಿ ಒಣಗೋದರಿಂದ ಎಲೆಯ ಸಕ್ಕರೆ ಉಳಿಯುತ್ತೆ, ಹೊಗೆಗೆ ಸಿಹಿ ಬರುತ್ತೆ. ಬರ್ಲಿ ನೆರಳಲ್ಲಿ ವಾರಗಟ್ಟಲೆ ಒಣಗುತ್ತೆ. ಅಷ್ಟರಲ್ಲಿ ಸಕ್ಕರೆ ಬಹುತೇಕ ಮುಗಿದಿರುತ್ತೆ, ರುಚಿ ಗಡುಸು. ಕಟ್ಟಿಗೆ ಹೊಗೆಯಲ್ಲಿ ಕಪ್ಪಾದ ಲಟಾಕಿಯಾ ಸ್ವಲ್ಪವೇ ಸಾಕು. ಎಲ್ಲವನ್ನೂ ಬೆರೆಸಿ, ಗಾಜಿನ ಜಾಡಿಯಲ್ಲಿ ಕೆಲವು ವಾರ ಮುಚ್ಚಿಟ್ಟು, ಆಮೇಲೆ ರುಚಿ ನೋಡೋದು. ಹೊಗೆಯನ್ನು ಎದೆಗೆ ಎಳೆಯದೆ ಬಾಯಲ್ಲೇ ಆಡಿಸಿ ಬಿಡೋದು.

ಹಾಗಾದ್ರೆ ಅಪಾಯ ಇಲ್ವಾ? ಇದೆ. ನಿಕೋಟಿನ್ ಬಾಯಿಯ ಒಳಪದರದಿಂದಲೇ ರಕ್ತಕ್ಕೆ ಇಳಿಯುತ್ತೆ. ಕ್ಯಾನ್ಸರ್ ತರುವ ನೈಟ್ರೋಸಮೈನ್‌ಗಳು ಎಲೆ ಒಣಗಿ ಹದವಾಗುವಾಗಲೇ ಹುಟ್ಟುತ್ತವೆ. ಟಾರ್, ಕಾರ್ಬನ್ ಮಾನಾಕ್ಸೈಡ್ ಸುಟ್ಟಾಗ ಬರುತ್ತವೆ. ಇವಕ್ಕೆ ಫ್ಯಾಕ್ಟರಿಯೇ ಬೇಕಿಲ್ಲ. ಬಾಯಿ, ಗಂಟಲು, ಶ್ವಾಸಕೋಶದ ಕ್ಯಾನ್ಸರ್ ಪೈಪ್ ಸೇದುವವರನ್ನೂ ಬಿಟ್ಟಿಲ್ಲ.

ಅಷ್ಟೇಕೆ, ಹೊಲದಲ್ಲಿ ಒದ್ದೆ ಹೊಗೆಸೊಪ್ಪು ಕೀಳುವ ಕೂಲಿಯವರಿಗೂ ತಲೆಸುತ್ತು, ವಾಂತಿ ಬರುತ್ತೆ. ಎಲೆಯ ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಸೇರುತ್ತೆ. ಅವರು ಅದನ್ನು ಸೇದಿಲ್ಲ, ಬರೀ ಮುಟ್ಟಿದ್ದಾರೆ.

ಗೆಳೆಯನಿಗೆ ಹೇಳಿದ್ದು ಇಷ್ಟೇ: 'ಹೌದು ಕಣೋ, ಬರೀ ಎಲೆ. ತೊಂದರೆ ಇರೋದೇ ಎಲೆಯಲ್ಲಿ.'