ದವಾಖಾನೆಯ ಬಿಲ್ಲೂ ಒಂದು ಲೆಕ್ಕದ ಪಾಠ

ಎರಡು ವರ್ಷದ ಹಿಂದಿನ ಮಾತು. ಸೋಮವಾರ ರಾತ್ರಿ ಮನೆಯಾಕೆಗೆ ತಡೆಯಲಾರದ ಹೊಟ್ಟೆನೋವು. ಮುಡಬಿಯಿಂದ ಜೀಪು ಮಾಡಿಕೊಂಡು ದೊಡ್ಡ ಊರಿನ ಖಾಸಗಿ ಆಸ್ಪತ್ರೆಗೆ ಸೇರಿಸಿದಾಗ ಗಂಟೆ ಒಂಬತ್ತು. ಅಪೆಂಡಿಕ್ಸ್ ಎಂದರು, ಶಸ್ತ್ರಚಿಕಿತ್ಸೆ ಆಯಿತು, ಗುರುವಾರ ಬೆಳಿಗ್ಗೆ ಎಂಟಕ್ಕೆ ಬಿಡುಗಡೆ. ಕೌಂಟರಿನಲ್ಲಿ ನಾಲ್ಕು ಹಾಳೆಯ ಬಿಲ್ಲು ಕೈಗಿಟ್ಟರು. ನಾನು ಕೊನೆಯ ಮೊತ್ತ ನೋಡಿ ಜೇಬಿಗೆ ಕೈ ಹಾಕಿದೆ. ಪಕ್ಕದಲ್ಲಿದ್ದ ಪಿಯುಸಿ ಓದುವ ಮಗಳು ತಡೆದಳು: ‘ಅಪ್ಪಾ, ಇಲ್ಲಿ ನಾಕು ದಿನ ಹಾಕ್ಯಾರ. ನಾವು ಇದ್ದದ್ದು ಐವತ್ತೊಂಬತ್ತು ತಾಸು.’

ಗೋಡೆಯ ದರಪಟ್ಟಿಯಲ್ಲಿ 24 ಗಂಟೆಗೆ ಒಂದು ದಿನ ಎಂದೇ ಬರೆದಿತ್ತು. ಅಂದರೆ ಮೂರು ದಿನದ ಬಾಡಿಗೆ. ಅವರು ಬಂದ ದಿನ, ಹೋದ ದಿನ ಎರಡನ್ನೂ ಪೂರ್ತಿ ಎಣಿಸಿದ್ದರು. ಇಂಜೆಕ್ಷನ್ 12 ಎಂದಿತ್ತು. ಕೊಟ್ಟದ್ದು ಒಂಬತ್ತು, ಉಳಿದ ಮೂರನ್ನು ನರ್ಸ್ ವಾಪಸು ಕಳಿಸಿದ್ದರು. ಕೊಠಡಿಗೆ ರೂ. 2,500, ಇಂಜೆಕ್ಷನ್‌ಗೆ ರೂ. 1,260, ಒಟ್ಟು ರೂ. 3,760 ಕಡಿಮೆಯಾಯಿತು. ಕೇಳಿದಾಗ ಗುಮಾಸ್ತರು ಜಗಳವೇನೂ ಮಾಡಲಿಲ್ಲ, ತಿದ್ದಿಕೊಟ್ಟರು. ಕೇಳದಿದ್ದರೆ ಅಷ್ಟೂ ಹೋಗುತ್ತಿತ್ತು. ಮೂವತ್ತು ವರ್ಷದ ಸಮೀಪ ಮಕ್ಕಳಿಗೆ ‘ಉತ್ತರ ಬರೆದ ಮೇಲೆ ತಾಳೆ ನೋಡಿ’ ಎಂದು ಹೇಳಿದವನು ನಾನೇ!

ಒಂದು ಪದದ ಬೆಲೆ

ಆದರೆ ದೊಡ್ಡ ತಪ್ಪು ಬಿಲ್ಲಿನಲ್ಲಿರಲಿಲ್ಲ. ಹಿಗ್ಗಿನಲ್ಲಿ ನಾನು ಬಿಡುಗಡೆ ಸಾರಾಂಶದ ಹಾಳೆಯನ್ನು ಓದದೆ ಮಡಚಿಟ್ಟೆ. ತಿಂಗಳ ನಂತರ ವಿಮಾ ಕಂಪನಿಯ ಪತ್ರ ಬಂತು: ‘ರೋಗಿಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಪಾಲಿಸಿ ಮಾಡಿಸುವಾಗ ಏಕೆ ತಿಳಿಸಲಿಲ್ಲ?’ ಪಾಲಿಸಿಗೆ ಎರಡು ವರ್ಷವಾಗಿತ್ತು. ಸಕ್ಕರೆ ಕಾಯಿಲೆ ಗೊತ್ತಾಗಿದ್ದು ಹತ್ತು ತಿಂಗಳ ಹಿಂದೆ. ಟೈಪು ಮಾಡಿದವರು ತಿಂಗಳನ್ನು ವರ್ಷ ಮಾಡಿದ್ದರು. ಆ ಒಂದು ಪದದಿಂದ ರೂ. 62,000 ನಿಂತುಹೋಯಿತು. ಮನೆಯಾಕೆಗೆ ಹಣಕ್ಕಿಂತ ‘ಸುಳ್ಳು ಹೇಳಿದ್ದೇವೆ’ ಎಂಬಂತಿದ್ದ ಆ ಪ್ರಶ್ನೆಯೇ ನೋವು ಕೊಟ್ಟಿತು. ಮೊದಲ ರಕ್ತಪರೀಕ್ಷೆಯ ಚೀಟಿ ಟ್ರಂಕಿನಲ್ಲಿತ್ತು. ಅದನ್ನು ಹಿಡಿದು ಎರಡು ಸಲ ಬಸ್ಸು ಹತ್ತಿ, ವೈದ್ಯರ ಸಹಿ-ಮೊಹರಿನ ತಿದ್ದುಪಡಿ ಪತ್ರ ತಂದು ಕಳಿಸಿದ ಮೇಲೆ ಹಣ ಬಂತು. ಆ ಚೀಟಿ ಕಳೆದಿದ್ದರೆ?

ಯಾವುದನ್ನು ತಾಳೆ ನೋಡಬೇಕು?

ನಮ್ಮ ಭಾಗದವರು ಕಲಬುರಗಿ, ಸೊಲ್ಲಾಪುರ, ಹೈದರಾಬಾದ್ ಎಂದು ಹೋಗುತ್ತೇವೆ. ಬಿಲ್ಲು ಇಂಗ್ಲಿಷಿನಲ್ಲಿರುತ್ತದೆ. ಅದನ್ನು ಓದಬಲ್ಲವರು ಮನೆಯಲ್ಲಿ ಮಕ್ಕಳೇ. ಆದ್ದರಿಂದ ವಿದ್ಯಾರ್ಥಿ ಮಿತ್ರರೇ, ಇದು ನಿಮ್ಮ ಕೆಲಸ.

ಮೊದಲು ಒಟ್ಟು ಮೊತ್ತದ ಚೀಟಿ ಸಾಲದು, ಬಾಬುವಾರು ಬಿಲ್ಲು ಕೇಳಿ. ದಾಖಲಾದ ಮತ್ತು ಬಿಡುಗಡೆಯಾದ ದಿನ-ವೇಳೆ ನೋಡಿ. ಒಂದೇ ಪರೀಕ್ಷೆ ಎರಡು ಸಲ ಬರೆದಿದೆಯೇ, ವಾಪಸು ಮಾಡಿದ ಔಷಧ ಕಳೆದಿದ್ದಾರೆಯೇ ನೋಡಿ. ಔಷಧಕ್ಕೆ ಮುದ್ರಿತ ಗರಿಷ್ಠ ಬೆಲೆಗಿಂತ ಹೆಚ್ಚು ಪಡೆಯುವಂತಿಲ್ಲ. ಹೃದಯದ ಸ್ಟೆಂಟ್‌ಗೆ 2017ರ ಫೆಬ್ರವರಿಯಲ್ಲಿ, ಮೊಣಕಾಲಿನ ಕೃತಕ ಕೀಲಿಗೆ ಅದೇ ವರ್ಷದ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ದರ ಮಿತಿ ಹಾಕಿತು. ಅವುಗಳ ಪೆಟ್ಟಿಗೆಯ ಲೇಬಲ್ ಕೇಳಿ ಪಡೆಯಿರಿ. ನಮ್ಮ ರಾಜ್ಯದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಂತೆ ಆಸ್ಪತ್ರೆ ತನ್ನ ದರಪಟ್ಟಿಯನ್ನು ಜನರಿಗೆ ಕಾಣುವಂತೆ ಪ್ರದರ್ಶಿಸಬೇಕು.

ಸಾರಾಂಶದ ಹಾಳೆಯಲ್ಲಿ ಹೆಸರು, ವಯಸ್ಸು, ಕಾಯಿಲೆ ಮತ್ತು ಅದು ಎಷ್ಟು ಕಾಲದಿಂದ ಇದೆ ಎಂಬುದನ್ನು ಆಸ್ಪತ್ರೆಯ ಬಾಗಿಲು ದಾಟುವ ಮೊದಲೇ ಓದಿ. ಆಧಾರ್‌ನಲ್ಲಿ ಒಂದು ಹೆಸರು, ಪಾಲಿಸಿಯಲ್ಲಿ ಇನ್ನೊಂದು ಇದ್ದರೆ ಇಂದೇ ಸರಿಪಡಿಸಿ.

ಕೊಠಡಿಯ ಅನುಪಾತ

ಇನ್ನೊಂದು ಲೆಕ್ಕ ಬಹಳ ಜನರಿಗೆ ಗೊತ್ತಿಲ್ಲ. ಮೂರು ಲಕ್ಷದ ಪಾಲಿಸಿಯಲ್ಲಿ ಕೊಠಡಿ ಬಾಡಿಗೆ ದಿನಕ್ಕೆ ಶೇ. 1, ಅಂದರೆ ರೂ. 3,000 ಎಂಬ ಮಿತಿ ಇದೆ ಎಂದುಕೊಳ್ಳಿ. ನೀವು ರೂ. 4,000ದ ಕೊಠಡಿ ಹಿಡಿದರೆ ದಿನಕ್ಕೆ ಸಾವಿರವಷ್ಟೇ ಕೈಯಿಂದ ಹೋಗುತ್ತದೆ ಎಂದು ತಿಳಿಯಬೇಡಿ. ಪಾಲಿಸಿಯಲ್ಲಿ ಅನುಪಾತದ ಕಡಿತದ ಷರತ್ತಿದ್ದರೆ, ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸೆಯ ಶುಲ್ಕಗಳೂ ಮುಕ್ಕಾಲಿಗೆ ಇಳಿಯುತ್ತವೆ. ಅವು ರೂ. 40,000 ಇದ್ದರೆ ಸಿಗುವುದು ರೂ. 30,000. ಆದರೆ ಔಷಧ, ದೇಹದೊಳಗೆ ಅಳವಡಿಸುವ ಸಾಧನ, ಪರೀಕ್ಷೆಗಳ ವೆಚ್ಚ ಮತ್ತು ಐಸಿಯು ಶುಲ್ಕಕ್ಕೆ ಈ ಅನುಪಾತ ಹಾಕುವಂತಿಲ್ಲ. ಹಾಕಿದ್ದರೆ ಪ್ರಶ್ನಿಸಿ. ಎಂಟನೆಯ ತರಗತಿಯ ಗಣಿತ ಇಷ್ಟಕ್ಕೆ ಸಾಕು.

ತಿರಸ್ಕರಿಸಿದರೆ

ಸುಮ್ಮನೆ ‘ಇಲ್ಲ’ ಎಂದರೆ ಒಪ್ಪಬೇಡಿ. ಪಾಲಿಸಿಯ ಯಾವ ಷರತ್ತಿನಂತೆ ತಿರಸ್ಕರಿಸಿದ್ದಾರೆಂದು ಕಂಪನಿ ಬರೆದು ತಿಳಿಸಬೇಕು. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಸರಿ ಎನಿಸದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್‌ಗೆ ಒಂದು ವರ್ಷದೊಳಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. ಹಣ ಪಡೆದು ಚಿಕಿತ್ಸೆ ಕೊಡುವ ಆಸ್ಪತ್ರೆಯ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲಿಯೇ ಹೇಳಿದೆ. ಆದ್ದರಿಂದ ಜಿಲ್ಲಾ ಗ್ರಾಹಕರ ಆಯೋಗದ ಬಾಗಿಲೂ ತೆರೆದಿದೆ.

ಪ್ರಶ್ನೆ ಕೇಳುವುದೆಂದರೆ ವೈದ್ಯರನ್ನು ಅನುಮಾನಿಸುವುದಲ್ಲ. ಜೀವ ಉಳಿಸಿದ ಕೈಗಳಿಗೆ ನಾವು ಋಣಿಗಳೇ. ಬಿಲ್ಲು ಬರೆಯುವ ಕೈ ಬೇರೆ, ಅದೂ ದಣಿಯುತ್ತದೆ, ತಪ್ಪುತ್ತದೆ. ನಮ್ಮ ಪಕ್ಕದ ಕಲ್ಯಾಣದಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರದ ಲೆಕ್ಕ ನೋಡಿದವರು. ಲೆಕ್ಕ ಕೇಳುವುದು ಈ ನೆಲಕ್ಕೆ ಹೊಸದಲ್ಲ.

ಪಾಲಕರಲ್ಲಿ ಒಂದು ಕೋರಿಕೆ. ಈ ಭಾನುವಾರ ಮನೆಯ ಪಾಲಿಸಿ, ಹಳೆಯ ಚೀಟಿ, ಪರೀಕ್ಷೆಯ ವರದಿಗಳನ್ನೆಲ್ಲ ಹೊರಗೆ ತೆಗೆಯಿರಿ. ತಾರೀಖಿನಂತೆ ಜೋಡಿಸಿ ಒಂದು ಫೈಲು ಮಾಡುವ ಕೆಲಸವನ್ನು ಮಕ್ಕಳಿಗೆ ಒಪ್ಪಿಸಿ. ನಮ್ಮ ಮನೆಯಲ್ಲಿ ಆ ಫೈಲಿನ ಯಜಮಾನಿಕೆ ಈಗ ಮಗಳದು. ನಾನು ಅವಳನ್ನು ಕೇಳದೆ ಯಾವ ಚೀಟಿಯನ್ನೂ ಎಸೆಯುವಂತಿಲ್ಲ.