ಅದಿರಿನ ಲೆಕ್ಕ, ಪ್ರತ್ಯೇಕ ರಾಜ್ಯದ ಭ್ರಮೆ

ನವೆಂಬರ್ ಹತ್ತಿರ ಬಂತೆಂದರೆ ಕಲ್ಯಾಣ ಕರ್ನಾಟಕ ಪ್ರತ್ಯೇಕ ರಾಜ್ಯವಾಗಬೇಕೆಂಬ ಕೂಗು ಮತ್ತೆ ಏಳುತ್ತದೆ. ಬಳ್ಳಾರಿಯಲ್ಲಿ ಆ ಕೂಗಿಗೆ ಒಂದು ಲೆಕ್ಕವೂ ಸೇರಿಕೊಂಡಿದೆ: ಸಂಡೂರಿನ ಅದಿರು ನಮ್ಮದು, ದುಡ್ಡು ಬೆಂಗಳೂರಿನ ಪಾಲು, ಬೇರೆಯಾದರೆ ಅಷ್ಟೂ ಇಲ್ಲೇ ಉಳಿಯುತ್ತದೆ. ಹಿಂದುಳಿದ ನೋವು ಸುಳ್ಳಲ್ಲ. 2002ರಲ್ಲಿ ನಂಜುಂಡಪ್ಪ ಸಮಿತಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ 21 ಕಲಬುರಗಿ ವಿಭಾಗದವು. ಆದರೆ ಆ ನೋವಿಗೆ ಅಂಟಿಸಿರುವ ಅದಿರಿನ ಲೆಕ್ಕ ಬುಡದಿಂದಲೇ ತಪ್ಪು. ಓದು ಬರಹ ಬಲ್ಲವರೂ ಅದನ್ನು ಪ್ರಶ್ನಿಸದೆ ಹೇಳಿಕೊಂಡು ಬರುತ್ತಿರುವುದೇ ಹೆಚ್ಚು ಬೇಸರ ತರಿಸುವ ಸಂಗತಿ.

ಸಂಡೂರಿನ ಗುಡ್ಡದಲ್ಲಿ ಟಿಪ್ಪರಿಗೆ ತುಂಬಿದ ಒಂದು ಟನ್ ಅದಿರಿನ ಹಿಂದೆಯೇ ಹೋಗೋಣ. ಮೊದಲು ರಾಜ್ಯಕ್ಕೆ ಸಿಗುವುದು ರಾಜಧನ. ಅದರ ದರವನ್ನು ವಿಧಾನಸೌಧ ಗೊತ್ತು ಮಾಡುವುದಿಲ್ಲ. 1957ರ ಗಣಿ ಮತ್ತು ಖನಿಜ ಕಾಯ್ದೆಯಡಿ ಕೇಂದ್ರ ಗೊತ್ತು ಮಾಡುತ್ತದೆ. ಕಬ್ಬಿಣದ ಅದಿರಿಗೆ ಅದು ಸರಾಸರಿ ಮಾರಾಟ ಬೆಲೆಯ ಶೇ 15. ಕಲಬುರಗಿಯಲ್ಲಿ ಹೊಸ ವಿಧಾನಸಭೆ ಕೂತರೂ ಆ ದರ ಅದರ ಕೈಯಲ್ಲಿರುವುದಿಲ್ಲ. ಅದಿರು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹೋಗಿ ಕಂಬಿಯಾಗುತ್ತದೆ, ಆ ಕಂಬಿ ಪುಣೆಯ ಯಾವುದೋ ಮನೆಯ ಪಿಲ್ಲರಿಗೆ ಬೀಳುತ್ತದೆ. 2017ರ ಜುಲೈ 1ರಿಂದ ಜಿಎಸ್‌ಟಿಯ ರಾಜ್ಯ ಪಾಲು ಸರಕು ತಯಾರಾದ ಊರಿಗೆ ಬರುವುದಿಲ್ಲ, ಬಳಕೆಯಾದ ರಾಜ್ಯಕ್ಕೆ ಹೋಗುತ್ತದೆ. ಹಾಗಾಗಿ ಈ ಕಂಬಿಯ ತೆರಿಗೆ ಮಹಾರಾಷ್ಟ್ರಕ್ಕೆ. ಈ ಪದ್ಧತಿಯಲ್ಲಿ ಗೆಲ್ಲುವುದು ಕೊಳ್ಳುವ ಶಕ್ತಿ ಇರುವ ರಾಜ್ಯ. ಇವತ್ತು ಬೆಂಗಳೂರಿನ ಬಳಕೆಯ ಮೇಲಿನ ತೆರಿಗೆ ಬೀಳುವುದು ನಾವೂ ಹಕ್ಕುದಾರರಾಗಿರುವ ಖಜಾನೆಗೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023-24ರ ಬಜೆಟ್‌ನಲ್ಲಿ ಘೋಷಿಸಿದ 5,000 ಕೋಟಿ ರೂಪಾಯಿಯೂ ಅದೇ ಖಜಾನೆಯದು. ಬೇರೆಯಾದ ದಿನ ಆ ಹಕ್ಕು ಹೋಗುತ್ತದೆ, ಪುಣೆಯ ಕಂಬಿಯ ತೆರಿಗೆ ಮಾತ್ರ ಪುಣೆಯಲ್ಲೇ ಇರುತ್ತದೆ.

ಖನಿಜದ ಹಕ್ಕಿನ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯಗಳಿಗಿದೆ ಎಂದು ಸುಪ್ರೀಂ ಕೋರ್ಟ್ 2024ರ ಜುಲೈ 25ರಂದು ಹೇಳಿದೆಯಲ್ಲ ಎಂದು ಕೇಳಬಹುದು. ಹೇಳಿದೆ. ಆ ಅಧಿಕಾರ ಕರ್ನಾಟಕಕ್ಕೆ ಈಗಲೇ ಇದೆ, ಅದಕ್ಕಾಗಿ ರಾಜ್ಯ ಒಡೆಯಬೇಕಿಲ್ಲ. ಅದಕ್ಕೆ ಮಿತಿ ಹಾಕುವ ದಾರಿಯೂ ಸಂಸತ್ತಿಗೆ ತೆರೆದೇ ಇದೆ. ಇನ್ನು ಅದಿರಿನ ಆದಾಯ ಎಷ್ಟು ಗಟ್ಟಿ ಎಂಬುದನ್ನು ಬಳ್ಳಾರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. 2011ರ ಜುಲೈ 29ರಂದು ಸುಪ್ರೀಂ ಕೋರ್ಟಿನ ಒಂದೇ ಆದೇಶಕ್ಕೆ ಇಡೀ ಜಿಲ್ಲೆಯ ಗಣಿಗಳು ನಿಂತವು. ಅದೊಂದನ್ನೇ ನಂಬಿದ ರಾಜ್ಯವಾಗಿದ್ದರೆ ಆ ತಿಂಗಳು ಮೇಷ್ಟ್ರುಗಳ ಸಂಬಳ ಎಲ್ಲಿಂದ ಬರುತ್ತಿತ್ತು? 2000ರ ನವೆಂಬರ್ 15ರಂದು ಹುಟ್ಟಿದ ಜಾರ್ಖಂಡ್‌ನಲ್ಲಿ ಕಲ್ಲಿದ್ದಲೂ ಇದೆ, ಕಬ್ಬಿಣವೂ ಇದೆ. ಆದರೂ 2021ರಲ್ಲಿ ನೀತಿ ಆಯೋಗ ಪ್ರಕಟಿಸಿದ ಬಹು ಆಯಾಮದ ಬಡತನದ ವರದಿಯಲ್ಲಿ ಅದು ಬಿಹಾರದ ನಂತರದ ಸ್ಥಾನದಲ್ಲಿತ್ತು, ಶೇ 42.16ರಷ್ಟು ಬಡವರೊಂದಿಗೆ. 81 ಸ್ಥಾನದ ಆ ಸದನದಲ್ಲಿ ಪಕ್ಷೇತರ ಶಾಸಕ ಮಧು ಕೋಡಾ ಮುಖ್ಯಮಂತ್ರಿಯಾದರು, ಮುಂದೆ 2017ರಲ್ಲಿ ಕಲ್ಲಿದ್ದಲು ಹಂಚಿಕೆ ಪ್ರಕರಣದಲ್ಲಿ ಶಿಕ್ಷೆಗೊಳಗಾದರು. ಸದನ ಚಿಕ್ಕದಾದಷ್ಟೂ ಗಣಿಧಣಿಗಳಿಗೆ ಒಲಿಸಿಕೊಳ್ಳಬೇಕಾದ ಶಾಸಕರ ಸಂಖ್ಯೆ ಕಡಿಮೆಯಾಗುತ್ತದೆ. ಬಳ್ಳಾರಿಯ ಮತದಾರ ಇದನ್ನು ಮರೆಯಬಾರದು.

ತೆಲಂಗಾಣ ಉದ್ಧಾರವಾಗಲಿಲ್ಲವೇ ಎಂಬುದು ಮುಂದಿನ ಮಾತು. ತೆಲಂಗಾಣ ಹೊರಗೆ ಬಂದದ್ದು ಹೈದರಾಬಾದನ್ನು ಜೊತೆಗಿಟ್ಟುಕೊಂಡು. ನಾವು ಹೊರಟರೆ ಬೆಂಗಳೂರನ್ನು ಬಿಟ್ಟು ಹೋಗಬೇಕು, ಅಂದರೆ ನಮ್ಮದು ಆಂಧ್ರದ ಸ್ಥಿತಿ. 2014ರ ಫೆಬ್ರುವರಿ 20ರಂದು ಪ್ರಧಾನಿ ಮನಮೋಹನ್ ಸಿಂಗ್ ರಾಜ್ಯಸಭೆಯಲ್ಲಿ ಆಂಧ್ರಕ್ಕೆ ವಿಶೇಷ ಸ್ಥಾನಮಾನದ ಭರವಸೆ ಕೊಟ್ಟರು, ಅದು ಇಂದಿಗೂ ಕೈಗೆ ಬಂದಿಲ್ಲ. ಬಡ ರಾಜ್ಯಕ್ಕೆ ಹಣಕಾಸು ಆಯೋಗ ಹೆಚ್ಚು ಕೊಡುತ್ತದೆ ಎಂಬುದು ನಿಜ; 15ನೇ ಆಯೋಗ ತಲಾ ಆದಾಯದ ಅಂತರಕ್ಕೆ ಶೇ 45ರಷ್ಟು ತೂಕ ಕೊಟ್ಟಿತ್ತು. ಆದರೆ ಆಗ ಬೆಂಗಳೂರಿಗೆ ಬದಲು ದೆಹಲಿಯ ಮುಂದೆ ಕೈ ಚಾಚಬೇಕು, ಸ್ವಾವಲಂಬನೆಯ ಮಾತು ಅಲ್ಲಿಗೆ ಮುಗಿಯಿತು.

ಜನ ಒಗ್ಗಟ್ಟಾಗಿ ಕೇಳಿದರೆ ರಾಜ್ಯ ಸಿಕ್ಕೇಬಿಡುತ್ತದೆ ಎಂಬುದೂ ತಪ್ಪು. ಬ್ರಿಟನ್ 2016ರಲ್ಲಿ ಜನಮತ ಪಡೆದು ಐರೋಪ್ಯ ಒಕ್ಕೂಟ ಬಿಟ್ಟಿತು (ಅಲ್ಲೂ ವಾರಕ್ಕೆ 35 ಕೋಟಿ ಪೌಂಡ್ ಉಳಿಯುತ್ತದೆಂಬ ತಪ್ಪು ಲೆಕ್ಕವನ್ನು ಬಸ್ಸಿನ ಮೇಲೆ ಬರೆದು ಊರೂರು ಸುತ್ತಿಸಿದ್ದರು). ನಮ್ಮ ಸಂವಿಧಾನದ 3ನೇ ವಿಧಿಯಲ್ಲಿ ಜನಮತಕ್ಕೆ ಜಾಗವೇ ಇಲ್ಲ. ವಿಧಾನಸಭೆಯ ಅಭಿಪ್ರಾಯ ಕೇಳಬೇಕು, ಒಪ್ಪಬೇಕೆಂದಿಲ್ಲ. 2014ರ ಜನವರಿಯಲ್ಲಿ ಆಂಧ್ರ ವಿಧಾನಸಭೆ ವಿಭಜನೆಯನ್ನು ತಿರಸ್ಕರಿಸಿತು, ಮರುತಿಂಗಳೇ ಸಂಸತ್ತು ಅಂಗೀಕರಿಸಿತು. ಗಡಿಗೆರೆ ಎಳೆಯುವುದೂ ಸಂಸತ್ತೇ. 1953ರ ಅಕ್ಟೋಬರ್ 1ರಂದು ಮದ್ರಾಸಿನಿಂದ ಮೈಸೂರಿಗೆ ಬಂದ ಬಳ್ಳಾರಿಯನ್ನು, ಹೊಸಪೇಟೆ ಸಿರುಗುಪ್ಪಗಳ ಸಮೇತ ಆಂಧ್ರಕ್ಕೆ ಕೊಡಬೇಕೆಂದು 1955ರಲ್ಲೇ ರಾಜ್ಯ ಪುನರ್ವಿಂಗಡಣಾ ಆಯೋಗ ಶಿಫಾರಸು ಮಾಡಿತ್ತು. ಆ ಕಡತವನ್ನು ಮತ್ತೆ ಬಿಚ್ಚಿಸುವವರು ಇದನ್ನೂ ಜನರ ಮುಂದಿಡಬೇಕು. ನಮ್ಮ ಭಾಗಕ್ಕೆ ವಿಶೇಷ ಸವಲತ್ತು ಕೊಡುವ ಸಂವಿಧಾನದ 371ಜೆ ಪ್ರತ್ಯೇಕ ರಾಜ್ಯದಲ್ಲೂ ಮುಂದುವರಿಯುತ್ತದೆ ಎನ್ನುವವರಿಗೆ ಒಂದೇ ಉತ್ತರ: ಅದು ಕರ್ನಾಟಕ ರಾಜ್ಯಕ್ಕೆಂದೇ ಬರೆದ ವಿಧಿ, ಬೆಂಗಳೂರು ಮೈಸೂರುಗಳ ಕಾಲೇಜುಗಳಲ್ಲಿ ನಮ್ಮ ಮಕ್ಕಳಿಗಿರುವ ಶೇ 8ರ ಮೀಸಲು ಬೇರೆಯಾದ ಮರುದಿನ ಇರುವುದಿಲ್ಲ.

ಹೊಳೆ ನೀರು ಪೂರ್ತಿ ನಮ್ಮ ಕೈಗೆ ಬರುತ್ತದೆ ಎಂಬ ಮಾತಂತೂ ಸಿರುಗುಪ್ಪ, ಕುರುಗೋಡಿನ ಭತ್ತದ ರೈತರ ಎದುರು ಆಡುವಂಥದ್ದೇ ಅಲ್ಲ. 1953ರ ವಿಭಜನೆಯ ಕಾಯ್ದೆಯಿಂದ ಹುಟ್ಟಿದ ತುಂಗಭದ್ರಾ ಮಂಡಳಿ ಇವತ್ತಿಗೂ ಕಾಲುವೆಯ ನೀರು ಹಂಚುತ್ತಿದೆ. 2014ರ ನಂತರ ತೆಲಂಗಾಣವೂ ಅದರಲ್ಲಿ ಸೇರಿತು. 2024ರ ಆಗಸ್ಟ್‌ನಲ್ಲಿ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಮೂರು ರಾಜ್ಯಗಳ ರೈತರೂ ಆ ಒಂದು ಮಂಡಳಿಯತ್ತಲೇ ನೋಡಬೇಕಾಯಿತು. ಹೊಸ ರಾಜ್ಯವಾದರೆ ಅದೇ ನೀರಿಗೆ ಮತ್ತೊಬ್ಬ ಪಾಲುದಾರ.