ಚಿಂತಿ ಬಿಡು ಅಂದ್ರ ಬಿಡ್ತದೇನು?

ಬಸವಸಾಗರದ ಗೇಟು ಎತ್ತಿದರೆಂಬ ಸುದ್ದಿ ವಾಟ್ಸಾಪಿಗೆ ಬಂದರೆ ಕೃಷ್ಣೆಯ ದಂಡೆಯ ಊರುಗಳಿಗೆ ಅಂದು ರಾತ್ರಿ ನಿದ್ದೆಯಿಲ್ಲ. ಯಾದಗಿರಿಯ ಮುದನಾಳದಂಥ ಊರಲ್ಲಿ ಚಿಂತೆಯೇ ಬೇರೆ: ಮಳೆ ಕೈಕೊಟ್ಟರೆ, ಹತ್ತಿಗೆ ದರ ಸಿಗದಿದ್ದರೆ, ಬೆಂಗಳೂರಿಗೆ ಗುಳೆ ಹೋದ ಮಗ ಫೋನು ಎತ್ತದಿದ್ದರೆ? ಎಲ್ಲಕ್ಕೂ ಊರ ಹಿರಿಯರದು ಒಂದೇ ಮದ್ದು: "ಚಿಂತಿ ಮಾಡಬ್ಯಾಡ ಬಿಡೋ ತಮ್ಮಾ."

ಅಕ್ಕರೆ ನಿಜ, ಮದ್ದು ಮಾತ್ರ ನಾಟುವುದಿಲ್ಲ. ಔಷಧಿ ಕುಡಿಯುವಾಗ ಮಂಗನನ್ನು ನೆನೆಯಬೇಡ ಎಂದ ವೈದ್ಯನ ಕಥೆ ನಮ್ಮಲ್ಲಿ ಹಳೆಯದು. ಅಮೆರಿಕದ ಮನೋವಿಜ್ಞಾನಿ ಡೇನಿಯಲ್ ವೆಗ್ನರ್ 1987ರಲ್ಲಿ ಮಂಗನ ಜಾಗದಲ್ಲಿ ಬಿಳಿ ಕರಡಿಯನ್ನಿಟ್ಟು ಇದನ್ನೇ ಪರೀಕ್ಷಿಸಿದರು. ಒತ್ತಿಹಿಡಿದ ವಿಚಾರ ಮತ್ತೆ ಮತ್ತೆ ಎದ್ದು ಬಂತು. ಅದಕ್ಕಿಂತ ಚಿಂತೆಯನ್ನು ಇಬ್ಭಾಗ ಮಾಡುವುದು ವಾಸಿ. ವಿಮೆ ಮಾಡಿಸಿದ ಬೆಳೆ ಆಲಿಕಲ್ಲಿಗೆ ಹಾಳಾದರೆ ಫಸಲ್ ಬಿಮಾದವರಿಗೆ 72 ಗಂಟೆಯೊಳಗೆ ತಿಳಿಸಬೇಕು. ಇದು ಗಡುವುಳ್ಳ ಚಿಂತೆ, ಇವತ್ತೇ ಫೋನು ಹಚ್ಚಬೇಕು. ಬರುವ ತಿಂಗಳ ಹತ್ತಿ ದರಕ್ಕೆ ಅಂಥ ಗಡುವಿಲ್ಲ. ಅದಕ್ಕೆ ಸಂಜೆ ಕಾಲು ಗಂಟೆ ಗೊತ್ತುಮಾಡಿಕೊಂಡು, ನಡುವೆ ತಲೆಗೆ ಬಂದಾಗಲೆಲ್ಲ ಸಂಜೆಗೆ ನೋಡೋಣವೆಂದು ಮುಂದೆ ಹಾಕುವುದು ಮನೋಚಿಕಿತ್ಸಕರೇ ಕಲಿಸುವ ಉಪಾಯ.

"ಗಾಳಿ ಸೋಕೇದ" ಎಂಬ ನಂಬಿಕೆ ಇನ್ನೂ ಗಟ್ಟಿ. ಎದೆ ಢವಢವ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ಬೆರಳ ತುದಿ ಜುಮ್ಮೆನ್ನುತ್ತದೆ, ಈಗಲೇ ಜೀವ ಹೋಗುತ್ತದೆ ಅನಿಸುತ್ತದೆ. ಅಪಾಯ ಬಂತೆಂದು ಮಿದುಳು ಕೂಗಿಕೊಂಡಾಗ ಅಡ್ರಿನಲಿನ್ ನೆತ್ತರಿಗೆ ಇಳಿಯುವುದರಿಂದ ಹೀಗಾಗುತ್ತದೆ. ಗಡಿಬಿಡಿಯ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಅತಿಯಾಗಿ ಹೊರಹೋಗುವುದೇ ಬೆರಳ ಜುಮ್ಮಿಗೆ ಕಾರಣ. ಹೆಚ್ಚಾಗಿ ಹತ್ತು ನಿಮಿಷದೊಳಗೆ ಈ ಆತಂಕ ತುದಿ ಮುಟ್ಟಿ, ಆಮೇಲೆ ತಾನೇ ಇಳಿಯುತ್ತದೆ. ತಾಯಿತ ಕಟ್ಟಿಸುವ ಹೊತ್ತಿಗೆ ಇಳಿದಿರುತ್ತದೆ, ಹೆಸರು ತಾಯಿತಕ್ಕೆ! ತಿಂಥಣಿ ಮೌನೇಶ್ವರನಿಗೆ ಹರಕೆ ಹೊರುವುದಕ್ಕೆ ನನ್ನ ತಕರಾರಿಲ್ಲ, ಅದರಿಂದ ಧೈರ್ಯ ಬರುವುದುಂಟು. ಆದರೆ ಎದೆನೋವು ಮೊದಲ ಸಲ ಬಂದಾಗ ಆತಂಕವೆಂದು ತಾವೇ ತೀರ್ಮಾನಿಸದೆ ತಕ್ಷಣ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಬೇಕು. ಥೈರಾಯ್ಡ್ ಹೆಚ್ಚಾದರೂ ರಕ್ತ ಕಡಿಮೆಯಾದರೂ ಎದೆ ಹೀಗೇ ಬಡಿದುಕೊಳ್ಳುತ್ತದೆ.

ಒಂದು ಗುಟುಕು ಹಾಕಿದರೆ ನಿದ್ದೆ ಬರುತ್ತದೆ ಅನ್ನುವುದು ಅರ್ಧ ಸತ್ಯ. ನಿದ್ದೆ ಹತ್ತುತ್ತದೆ, ನಡುರಾತ್ರಿ ಒಡೆಯುತ್ತದೆ. ಬೆಳಿಗ್ಗೆ ನಶೆ ಇಳಿದಾಗ ಚಿಂತೆ ದುಪ್ಪಟ್ಟು. ತೆಲಂಗಾಣದ ಗಡಿ ಕಡೆಯ ಕಲಬೆರಕೆ ಸೇಂದಿಯದು ಇನ್ನೂ ಕೆಟ್ಟ ಕಥೆ. ಅದಕ್ಕೆ ಡಯಾಜೆಪಾಮ್, ಅಲ್ಪ್ರಾಜೋಲಾಮ್‌ನಂಥ ಔಷಧ ಬೆರೆಸುತ್ತಾರೆ. ದಿನಾ ಕುಡಿದು ಒಮ್ಮೆಲೇ ಬಿಟ್ಟವರಿಗೆ ಕೈ ನಡುಗುತ್ತದೆ, ಫಿಟ್ಸ್ ಕೂಡ ಬರಬಹುದು. ಬಿಡುವುದೇನೋ ಬೇಕು, ಡಾಕ್ಟರರ ಕಣ್ಣೆದುರು ಬಿಡಬೇಕು.

"ಮನಸ್ಸಿನ ಗುಳಿಗಿ ಒಮ್ಮೆ ಹಿಡಿದ್ರ ಸಾಯೋತನಕ" ಎಂಬ ಹೆದರಿಕೆ ಹುಟ್ಟಿದ್ದೂ ಬಹುಶಃ ಇಂಥ ಔಷಧಗಳಿಂದಲೇ. ಅಲ್ಪ್ರಾಜೋಲಾಮ್ ಚಟ ಹಿಡಿಸಬಲ್ಲದು, ಹಾಗಾಗಿ ಚೀಟಿಯಿಲ್ಲದೆ ಮೆಡಿಕಲ್ ಶಾಪಿನಿಂದ ತಂದು ನುಂಗಬಾರದು. ಆತಂಕಕ್ಕೆ ಸಾಮಾನ್ಯವಾಗಿ ಬರೆಯುವ ಎಸ್ಸಿಟಲೋಪ್ರಾಮ್, ಸರ್ಟ್ರಾಲೀನ್ ಬೇರೆ ಜಾತಿಯವು. ಚಟ ಹಿಡಿಸುವುದಿಲ್ಲ, ಗುಣ ಕಾಣಲು ಕೆಲವು ವಾರ ಬೇಕು, ನಿಲ್ಲಿಸುವಾಗ ಹಂತಹಂತವಾಗಿ ಇಳಿಸಬೇಕು. ನಾಲ್ಕು ದಿನ ನುಂಗಿ ಉಪಯೋಗವಿಲ್ಲವೆಂದು ಎಸೆಯಬಾರದು.

ಇನ್ನು ಹುಚ್ಚ ಅಂದಾರು ಎಂಬ ಅಳುಕು. 2022ರ ಅಕ್ಟೋಬರ್ 10ರಂದು ಶುರುವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ಗೆ 14416 ಒತ್ತಿದರೆ ಹಗಲಿರುಳೂ ಪುಕ್ಕಟೆಯಾಗಿ ಕನ್ನಡದಲ್ಲೇ ಮಾತಾಡಬಹುದು, ಓಣಿಯ ಮಂದಿಗೆ ಗೊತ್ತಾಗುವುದಿಲ್ಲ. ವಾರಗಟ್ಟಲೆ ನಿದ್ದೆ, ಊಟ, ಹೊಲದ ಕೆಲಸ ಮೂರೂ ತಪ್ಪಿದ್ದರೆ ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಬೇಕು. ಬದುಕು ಸಾಕು ಅನ್ನುವ ಮಾತು ಬಾಯಿಗೆ ಬಂದರೆ ಆ ರಾತ್ರಿ ಒಬ್ಬರನ್ನೇ ಬಿಡದೆ, ಮನೆಯಲ್ಲಿನ ಹತ್ತಿಗೆ ಹೊಡೆಯುವ ಎಣ್ಣೆಯ ಡಬ್ಬಿಯನ್ನು ಬೇರೆಯವರ ಮನೆಯಲ್ಲಿಟ್ಟು, ಜೊತೆಗಿದ್ದವರೇ ಆ ನಂಬರಿಗೆ ಫೋನು ಹಚ್ಚಬೇಕು.